ಸುಗ್ಗಿ ಹಬ್ಬದ ಕೋಳಿ

ಬೈಲಹೊಂಗಲದ ನಮ್ಮ ಓಣಿಯಲ್ಲಿ ಸಕ್ಕರೆ ಕಾರ್ಖಾನೆಯ ಫಿಟರ್ ಒಬ್ಬನಿದ್ದ. ಕಾರ್ಮಿಕ ಸಂಘದವರು ಅವನನ್ನು ಪಾದ್ರಿ ಎನ್ನುತ್ತಿದ್ದರು, ಚರ್ಚಿನವರು ಕಾಮ್ರೇಡ್ ಎನ್ನುತ್ತಿದ್ದರು. ಎರಡೂ ಕಡೆ ಅದು ಬೈಗುಳವೇ. ಆರಾಧನೆಯಲ್ಲಿ ಅವನು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಬಾಗಿಲ ಬಳಿ ನಿಂತು, ನಟ್ಟು ಬಿಗಿಯುವ ಪಾನಾವನ್ನು ಜೇಬಿನಲ್ಲೇ ತಿರುವುತ್ತ, ಕಾಲು ಬದಲಿಸುತ್ತಿದ್ದ.

“ಯೇಸುವಿನ ಶಿಷ್ಯರು ಎಲ್ಲಾ ಒಂದ ಕಡೆ ಕೂಡಿಸಿ, ಯಾರಿಗೆ ಏನ ಬೇಕೋ ಅದನ್ನ ಕೊಟ್ರು. ನಾವು ಯಾವಾಗ ಕೊಡೂದ್ರಿ?” ಎಂದು ಕೇಳುತ್ತಿದ್ದ. ಸಂಘದಲ್ಲೂ ಇದೇ ಪ್ರಶ್ನೆ, ಶಿಷ್ಯರನ್ನು ಬಿಟ್ಟು.

ಸುಗ್ಗಿ ಹಬ್ಬದಂದು ಎಲ್ಲರೂ ತಮ್ಮಲ್ಲಿದ್ದದ್ದನ್ನು ತಂದು ಚರ್ಚಿಗೆ ಕಾಣಿಕೆ ಇಡುವುದು, ಆಮೇಲೆ ಅದನ್ನು ಹರಾಜು ಹಾಕುವುದು ನಮ್ಮ ಪದ್ಧತಿ. ಉಳ್ಳವರು ಕೂಗಿ ಒಯ್ಯುತ್ತಾರೆ. ಒಂದು ವರ್ಷ ಹೂಲಿ ಹಳ್ಳಿಯ ಮುದುಕಿಯೊಬ್ಬಳು ತನಗಿದ್ದ ಒಂದೇ ಕೋಳಿಯನ್ನು ತಂದಿದ್ದಳು. ಕಬ್ಬಿನ ಗುತ್ತಿಗೆದಾರನೊಬ್ಬ ಅದಕ್ಕೆ ಬೆಲೆ ಕೂಗುತ್ತಿದ್ದಂತೆ ನಮ್ಮ ಫಿಟರ್ ಮುನ್ನುಗ್ಗಿ, ಕೋಳಿಯನ್ನೆತ್ತಿ ಅವಳ ಮಡಿಲಿಗೆ ಹಾಕಿದ. ಕ್ರಾಂತಿ ಇಷ್ಟು ಸಲೀಸಾಗಿ ಆದದ್ದು ಚರಿತ್ರೆಯಲ್ಲೇ ಅಪರೂಪ.

“ಯಾರಿಗೆ ಬೇಕೋ ಅವರಿಗೆ,” ಎಂದ.

ಮುದುಕಿ ಕೋಳಿಯನ್ನು ತಿರುಗಿ ಅವನ ಕೈಗೇ ತುರುಕಿದಳು. “ತಮ್ಮಾ, ನಾ ಕೊಟ್ಟಿದ್ದು ದೇವರಿಗೆ. ಬಡವಿ ಆದ್ರ ಕೊಡಾಕೂ ಬರಂಗಿಲ್ಲೇನ?”

ಅಂದು ಮೊದಲ ಸಲ ಅವನು ಬೆಂಚಿನ ಮೇಲೆ ಕೂತ. ಕೋಳಿ ತೊಡೆಯ ಮೇಲೆ ಒದ್ದಾಡುತ್ತಿತ್ತು.

“ಆಕಿಗೆ ಬೇಕಾಗಿದ್ದು ಕೋಳಿ ಅಲ್ಲ, ಕೊಡೂದು ನೋಡ್ರಿ,” ಎಂದು ಪಕ್ಕದಲ್ಲಿದ್ದ ನನಗೆ ಮೆಲ್ಲಗೆ ಹೇಳಿದ. “ನಾ ಅದನ್ನ ಲೆಕ್ಕಕ್ಕ ಹಿಡಿದಿರಲಿಲ್ಲ.”

ಎದ್ದು ಕೋಳಿಯನ್ನು ಕಾಣಿಕೆಯ ಮೇಜಿನ ಮೇಲಿಟ್ಟ. ಹರಾಜು ಮುಂದುವರಿಯಿತು. ಅವನು ಮತ್ತೆ ಬಾಗಿಲಿಗೆ ಹೋಗಿ ನಿಂತ.