ಕೋಲು ನೆಟ್ಟ ಕಡೆ ಹುಲ್ಲು

ಊರಿನಲ್ಲಿ ಚಾಂಪಿಯನ್ ಎಂದರೆ ಅವರೊಬ್ಬರೇ. ಹಾಲು ಹಾಕುವವನೂ ಬ್ಯಾಂಕಿನ ಮ್ಯಾನೇಜರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹೆಂಡತಿ ‘ರೀ’ ಎನ್ನುತ್ತಿದ್ದಳು. ಮಗಳು ಕರೆಯುವುದನ್ನೇ ಬಿಟ್ಟಿದ್ದಳು.

ಅವರ ತಂದೆ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸುತ್ತಿದ್ದವರು. ಸದಸ್ಯರೊಬ್ಬರು ಬೇಡವೆಂದು ಎಸೆದ ಸ್ಟಿಕ್ಕಿನಲ್ಲಿ ಆಟ ಕಲಿತು, ಅದೇ ಸದಸ್ಯರನ್ನು ಅದೇ ಮೈದಾನದಲ್ಲಿ ಸೋಲಿಸಿ, ಆಮೇಲೆ ದೇಶ ದೇಶ ತಿರುಗಿ ಗೆದ್ದು ಬಂದವರು ಚಾಂಪಿಯನ್. ಮುಂದಿನ ಕೋಣೆಯ ಗೋಡೆಯಿಡೀ ಗಾಜಿನ ಕಪಾಟು. ಅದರ ತುಂಬ ಕಪ್ಪುಗಳು. ಪ್ರತಿ ವಾರ ಹೆಂಡತಿ ಅವನ್ನು ಹಳೆಯ ಬನಿಯನ್ನಿನಿಂದ ಉಜ್ಜಬೇಕು. ಉಜ್ಜಿದ ಮೇಲೆ ಚಾಂಪಿಯನ್ ಬಂದು ಒಂದೊಂದನ್ನೂ ಬೆಳಕಿಗೆ ತಿರುಗಿಸಿ ನೋಡುವರು. ಎಲ್ಲಾದರೂ ಬೆರಳಚ್ಚು ಉಳಿದಿದ್ದರೆ ಬೈಯುತ್ತಿರಲಿಲ್ಲ. ಆ ಕಪ್ಪನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಆಕೆ ಊಟಕ್ಕೆ ಕೂರುವ ಜಾಗದಲ್ಲಿ ಇಟ್ಟು ಹೋಗುತ್ತಿದ್ದರು.

ಆಡುವ ವಯಸ್ಸು ಮುಗಿಯುತ್ತ ಬಂದಾಗ ಅವರು ಗಾಲ್ಫ್ ಮೈದಾನಗಳನ್ನು ವಿನ್ಯಾಸ ಮಾಡಲು ತೊಡಗಿದರು. ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಪ್ರತಿ ಆಟಗಾರನ ಚೆಂಡಿಗೂ ಅದರದೇ ಒಂದು ವಾಲು ಇರುತ್ತದೆ, ನಮ್ಮ ನಮ್ಮ ನಡಿಗೆ ಬೇರೆಯಾಗಿರುವ ಹಾಗೆ. ಚಾಂಪಿಯನ್ನರ ಚೆಂಡು ನೇರವಾಗಿ ಹೊರಟು, ಕೊನೆಗೆ ಮೆಲ್ಲಗೆ ಬಲಕ್ಕೆ ಬಾಗಿ ಬೀಳುತ್ತಿತ್ತು. ಅವರು ಕಾಗದದ ಮೇಲೆ ನಕ್ಷೆ ಬರೆಯುತ್ತಿರಲಿಲ್ಲ. ಬರಿ ನೆಲದ ಮೇಲೆ ನಿಂತು ಚೆಂಡು ಹೊಡೆಯುತ್ತಿದ್ದರು. ದೂರದಲ್ಲಿ ಹೆಂಡತಿ ಕೆಂಪು ಬಟ್ಟೆ ಕಟ್ಟಿದ ಕೊಡೆ ಹಿಡಿದು ಬಾವುಟದ ಹಾಗೆ ನಿಂತಿರಬೇಕು. ಚೆಂಡು ಬಿದ್ದಲ್ಲೆಲ್ಲ ಆಕೆ ಒಂದು ಗುರುತಿನ ಕೋಲು ಚುಚ್ಚಬೇಕು. ಕೋಲು ನೆಟ್ಟ ಕಡೆ ಹುಲ್ಲು, ಅದರ ಎದುರು ಬದಿಯಲ್ಲಿ ಚೆಂಡು ಸಿಕ್ಕಿಬೀಳುವ ಮರಳುಗುಂಡಿ. ಇದಿಷ್ಟೇ ಅವರ ವಿದ್ಯೆ. ಅವರ ಚೆಂಡು ಬೀಳುವ ಜಾಗವೆಲ್ಲ ಹಾಸಿಗೆಯ ಹಾಗೆ ನುಣುಪಾಗಿರುತ್ತಿತ್ತು. ಉಳಿದವರಲ್ಲಿ ಹೆಚ್ಚಿನವರದು ಎಡದ ವಾಲು, ಅವರ ಚೆಂಡು ಬೀಳುವಲ್ಲಿ ಮರಳು ಬಾಯಿ ತೆರೆದಿರುತ್ತಿತ್ತು. ‘ತನ್ನ ಮೈ ಅಳತೆಗೆ ಹೊಲಿದ ಅಂಗಿಯನ್ನ ನಮಗೆಲ್ಲ ತೊಡಿಸ್ತಾನೆ’ ಎಂದು ಹಳೆಯ ಎದುರಾಳಿಯೊಬ್ಬರು ಹೇಳುತ್ತಿದ್ದರು. ಕತ್ತು ಉದ್ದವಿದ್ದ ಅವರಿಗೆ ಕೊಕ್ಕರೆ ಎಂದು ಹೆಸರಿಟ್ಟದ್ದೂ ಚಾಂಪಿಯನ್ನರೇ.

ಹೆಂಡತಿಯ ಬದಲು ಕೂಲಿಯವರನ್ನು ನಿಲ್ಲಿಸಬಹುದಲ್ಲ ಎಂದು ಯಾರೋ ಕೇಳಿದ್ದಕ್ಕೆ, ಕೂಲಿಯವರು ಚೆಂಡು ಬರುವುದನ್ನು ಕಂಡರೆ ಓಡುತ್ತಾರೆ, ಇವಳು ಅಲ್ಲಾಡುವುದಿಲ್ಲ ಎಂದು ಚಾಂಪಿಯನ್ ಹೇಳಿದ್ದರು. ಅದು ನಿಜವೇ. ಒಮ್ಮೆ ಚೆಂಡು ಬಂದು ಆಕೆಯ ಕತ್ತಿನ ಕೆಳಗಿನ ಮೂಳೆಗೆ ಬಡಿಯಿತು. ಚಾಂಪಿಯನ್ ಜೊತೆಯಲ್ಲಿದ್ದ ಎಂಜಿನಿಯರುಗಳ ಕಡೆ ತಿರುಗಿ, “ಬಾವುಟಕ್ಕೇ ತಗುಲಿತು ಅಂದ್ರೆ ಗುರಿ ಇನ್ನೂ ಸರಿಯಾಗಿದೆ” ಎಂದರು. ಎಲ್ಲರೂ ನಕ್ಕರು. ಮೂಳೆ ಹಿಡಿದುಕೊಂಡೇ ಆಕೆಯೂ ನಕ್ಕಳು. ನಗದಿದ್ದರೆ ಮನೆಗೆ ಹೋದ ಮೇಲೆ ಅದಕ್ಕೂ ಉತ್ತರ ಕೊಡಬೇಕಾಗುತ್ತಿತ್ತು.

ಮಗಳು ಹುಟ್ಟಾ ಆಟಗಾರ್ತಿ. ಅವಳ ಚೆಂಡಿನ ವಾಲು ಎಡಕ್ಕೆ. ಕಾಲೇಜಿಗೆ ಸೇರುವ ಹೊತ್ತಿಗೆ, ತಂದೆ ಮಾಡಿದ ಮೊದಲ ಮೈದಾನದಲ್ಲಿ, ಕ್ಲಬ್ಬಿನವರೆಲ್ಲ ನೋಡುತ್ತಿರುವಾಗ, ಎಡಬದಿಯ ಮರಳುಗುಂಡಿಗಳನ್ನು ಒಂದೊಂದಾಗಿ ಹಾರಿಸಿ ಆಡಿ ತಂದೆಯನ್ನು ಒಂದೇ ಒಂದು ಹೊಡೆತದ ಅಂತರದಿಂದ ಸೋಲಿಸಿದಳು. ಚಾಂಪಿಯನ್ ಎಲ್ಲರೆದುರು ಅವಳ ಬೆನ್ನು ತಟ್ಟಿದರು. ಫೋಟೋಕ್ಕೆ ನಿಂತರು.

ಮರುದಿನ ಬೆಳಿಗ್ಗೆ ಹಿತ್ತಲಿನ ಶೆಡ್ಡಿನಲ್ಲಿ ಗರಗಸದ ಸದ್ದು ಕೇಳಿಸಿತು. ಮಗಳ ಸ್ಟಿಕ್ಕುಗಳ ತಲೆಯನ್ನು ಅವರು ಒಂದೊಂದಾಗಿ ಕತ್ತರಿಸುತ್ತಿದ್ದರು. ಉಕ್ಕಿನ ಕೊಳವೆ ಜಾರುತ್ತಿದ್ದುದರಿಂದ ಹೆಂಡತಿಯನ್ನು ಕೂಗಿ, ಅಲ್ಲಾಡದ ಹಾಗೆ ಹಿಡಿದುಕೋ ಎಂದರು. ಆಕೆ ಹಿಡಿದುಕೊಂಡಳು. ಮಗಳು ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಬಾಗಿಲಲ್ಲಿ ನಿಂತು ನೋಡಿದಳು. ಎಲ್ಲ ಕತ್ತರಿಸಿಯಾದ ಮೇಲೆ ಚಾಂಪಿಯನ್ ತಲೆಯಿಲ್ಲದ ಆ ಕೊಳವೆಗಳನ್ನು ಕಟ್ಟು ಕಟ್ಟಿ ಹೆಂಡತಿಯ ಕೈಗಿತ್ತು, ಮರದ ಕೋಲುಗಳು ನೆಲಕ್ಕೆ ಚುಚ್ಚುವಾಗ ಮುರಿಯುತ್ತಿದ್ದವಲ್ಲ, ಇನ್ನು ಮೇಲೆ ಇವನ್ನು ಬಳಸು ಎಂದರು.

ಮಗಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಓದು ಮುಗಿಸಿ ಬೇರೆ ಊರಿನ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಕೆಲಸ ಹಿಡಿದಳು, ಅಲ್ಲೇ ಮದುವೆಯಾದಳು, ಮತ್ತೆ ಮನೆಗೆ ಬರಲಿಲ್ಲ. ತಾಯಿಗೆ ಮಾತ್ರ ಆಗಾಗ ಫೋನ್ ಮಾಡುತ್ತಿದ್ದಳು. ಆ ಕೋಲುಗಳನ್ನು ಹೊತ್ತುಕೊಂಡು ತಾಯಿ ವರ್ಷಗಟ್ಟಲೆ ಗಂಡನ ಮೈದಾನಗಳನ್ನು ಅಳೆದಳು.

ಕೊನೆಯ ಮೈದಾನದ ಕೆಲಸ ಬಂದದ್ದು ಚಾಂಪಿಯನ್ನರ ಕೂದಲು ಪೂರ್ತಿ ಬೆಳ್ಳಗಾದ ಮೇಲೆ. ದೊಡ್ಡ ಮೈದಾನ. ಉದ್ಘಾಟನೆಯ ದಿನ ಹಳೆಯ ಚಾಂಪಿಯನ್ನುಗಳೆಲ್ಲ ಅಲ್ಲಿ ಸೇರಿ ಒಂದು ಪಂದ್ಯ ಆಡುವುದೆಂದು ಗೊತ್ತಾಯಿತು. ಅದನ್ನು ಗೆಲ್ಲಬೇಕು, ಕೊಕ್ಕರೆಗೆ ಕೊನೆಯ ಸಲ ಮಣ್ಣು ಮುಕ್ಕಿಸಬೇಕು, ಆಮೇಲೆ ಸ್ಟಿಕ್ಕು ಕೆಳಗಿಡಬೇಕು. ಚಾಂಪಿಯನ್ನರಿಗೆ ಉಳಿದಿದ್ದ ಆಸೆ ಇದೊಂದೇ. ಕಾಫಿಗೆ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದರು.

ಆ ನೆಲದ ಮೇಲೆ ಮೊದಲ ಚೆಂಡು ಹೊಡೆದಾಗ ಅದು ಹೆಂಡತಿಯ ಪಕ್ಕದಲ್ಲೇ, ಅವರ ಬಲಕ್ಕೆ ಬಿತ್ತು. ಬಿಸಿಲು ನಿಗಿನಿಗಿ ಎನ್ನುತ್ತಿತ್ತು, ಕೆಂಪು ನೆಲ, ಬಿಳಿ ಚೆಂಡು, ಯಾರಿಗಾದರೂ ಕಾಣಬೇಕು. ಚಾಂಪಿಯನ್ ಅಲ್ಲಿಂದಲೇ, ಎಲ್ಲಿ ಬಿತ್ತು ಎಂದು ಕೂಗಿದರು. ಆಕೆ ತಮಾಷೆಯೆಂದುಕೊಂಡಳು. ಎರಡನೆಯದಕ್ಕೂ ಕೂಗಿದರು. ಮೂರನೆಯ ಚೆಂಡಿಗೆ ಆಕೆ ಕೊಡೆಯನ್ನು ಕೆಳಗಿಳಿಸಿ ಸುಮ್ಮನೆ ನಿಂತು ನೋಡಿದಳು. ಬಾವುಟ ಇಳಿದದ್ದೂ ಅವರಿಗೆ ತಿಳಿಯಲಿಲ್ಲ. ಕಾಲ ಬುಡದ ಚೆಂಡನ್ನು ಓರೆಗಣ್ಣಿನಿಂದ ಹೇಗೋ ಕಾಣುತ್ತಿದ್ದರು, ಮೈಯ ಅಭ್ಯಾಸದಿಂದ ಹೊಡೆಯುತ್ತಿದ್ದರು. ದೂರದ್ದೆಲ್ಲ ಅವರಿಗೆ ಬರೀ ಮಸುಕು. ಕಣ್ಣಿನ ಡಾಕ್ಟರ ಬಳಿ ಗುಟ್ಟಾಗಿ ಹೋಗಿ ಬಂದಿದ್ದರು, ಇನ್ನು ಮಾಡುವಂಥದ್ದೇನೂ ಇಲ್ಲವೆಂದು ತಿಳಿದುಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮೈದಾನವೂ ಹೋಯಿತು, ಪಂದ್ಯವೂ ಹೋಯಿತು.

“ಎಲ್ಲಿ ಬಿತ್ತು ಅಂತ ಕೇಳ್ತಾ ಇದೀನಿ. ಬಾಯಲ್ಲೇನು ಮಣ್ಣು ತುಂಬ್ಕೊಂಡಿದ್ದೀಯಾ?”

“ಬಲಕ್ಕೆ ಬಿತ್ತು ರೀ. ಯಾವಾಗಿನ ಹಾಗೇ” ಎಂದು ಆಕೆ ಕೂಗಿ ಹೇಳಿದಳು. ಹೇಳಿ, ಕಟ್ಟಿನಿಂದ ಒಂದು ಕೋಲನ್ನು ಎಳೆದುಕೊಂಡು, ಎಡಗಡೆಗೆ ನಡೆದು ಹೋಗಿ ಅಲ್ಲಿ ಚುಚ್ಚಿದಳು.

ಅಂದಿನಿಂದ ಮೈದಾನದ ಉದ್ದಕ್ಕೂ ಹೀಗೆಯೇ ನಡೆಯಿತು. ಬಾಯಿ ಬಲಕ್ಕೆ ಎನ್ನುತ್ತಿತ್ತು, ಕೈ ಎಡಕ್ಕೆ ನೆಡುತ್ತಿತ್ತು.

ಒಂದು ಬೆಳಿಗ್ಗೆ ಮಾತ್ರ ಎಲ್ಲವೂ ಮುಗಿದೇಹೋಯಿತು ಎನ್ನಿಸಿತು. ಮಣ್ಣು ತೋಡಿಸುವ ಎಂಜಿನಿಯರ್ ಟೋಪಿ ತೆಗೆದು ತಲೆ ಕೆರೆಯುತ್ತ ಬಂದ. ಚಾಂಪಿಯನ್ನರ ಮೂರು ಮೈದಾನಗಳಲ್ಲಿ ಕೆಲಸ ಮಾಡಿದವನು. “ಸಾರ್, ಈ ಸಲ ಗುಂಡಿಗಳು ಯಾಕೋ...” ಎಂದು ಶುರು ಮಾಡಿದ. ಹೆಂಡತಿ ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತಳು. ಕೈಕೆಳಗಿನವರ ಮಾತನ್ನು ಕೊನೆಯವರೆಗೆ ಕೇಳುವ ಅಭ್ಯಾಸ ಚಾಂಪಿಯನ್ನರಿಗೆ ಯಾವತ್ತೂ ಇರಲಿಲ್ಲ.

“ನೀನು ಎಷ್ಟು ಕಪ್ಪು ಗೆದ್ದಿದ್ದೀಯಪ್ಪಾ?”

“ಇಲ್ಲ ಸಾರ್, ನಾನು ಹೇಳಿದ್ದು...”

“ಕೋಲು ನೆಟ್ಟ ಕಡೆ ಹುಲ್ಲು, ಎದುರಿಗೆ ಗುಂಡಿ. ಇಷ್ಟು ತಲೇಲಿ ಇಟ್ಕೊ, ಸಾಕು.”

ಎಂಜಿನಿಯರ್ ಟೋಪಿ ಹಾಕಿಕೊಂಡು ಹೋದ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ.

ಹುಲ್ಲು ಬಂದ ಮೇಲೆ ಅಲ್ಲಿ ಒಮ್ಮೆ ಆಡಿ ನೋಡಿ ಎಂದು ಕ್ಲಬ್ಬಿನ ಕಾರ್ಯದರ್ಶಿ ಕೇಳಿಕೊಂಡರು. ಬೇರೆಯವರಿಗೆ ಇಲ್ಲದ ಅನುಕೂಲ ತನಗೂ ಬೇಡ, ಉದ್ಘಾಟನೆಯವರೆಗೆ ಯಾರೂ ಕಾಲಿಡಬಾರದು ಎಂದು ಚಾಂಪಿಯನ್ ಹೇಳಿ ಕಳಿಸಿದರು. ಎಂಥ ದೊಡ್ಡ ಮನಸ್ಸು ಎಂದು ಜನ ಹೊಗಳಿದರು. ಆಡಲು ಹೋದರೆ ಕಣ್ಣಿನ ಗುಟ್ಟು ಹೊರಬೀಳುತ್ತದೆ ಎಂಬುದು ಗಂಡ ಹೆಂಡತಿ ಇಬ್ಬರಿಗೇ ಗೊತ್ತಿತ್ತು. ಪಂದ್ಯದ ದಿನ ತನ್ನ ಚೀಲ ಹೊರಲು ಹೆಂಡತಿಯೇ ಬೇಕು, ಅವಳೇ ತನ್ನ ಅದೃಷ್ಟ ಎಂದೂ ಹೇಳಿದರು. ಅದಕ್ಕೆ ಕಾರ್ಯದರ್ಶಿಯವರ ಕಣ್ಣು ತೇವವಾಯಿತು.

ಉದ್ಘಾಟನೆಯ ದಿನ ಹಗ್ಗ ಕಟ್ಟಿದ ಎರಡೂ ಬದಿ ಜನ. ಚಾಂಪಿಯನ್ನರ ಮೊದಲ ಹೊಡೆತಕ್ಕೆ ಚೆಂಡು ನೇರವಾಗಿ ಹೊರಟು ಮೆಲ್ಲಗೆ ಬಲಕ್ಕೆ ಬಾಗಿತು. ಮೊದಲು ಚಪ್ಪಾಳೆ ಕೇಳಿಸಿತು, ಆಮೇಲೆ ಅದು ನಡುವೆಯೇ ನಿಂತಿತು. ಎಲ್ಲಿ ಬಿತ್ತು ಎಂದು ಅವರು ತುಟಿ ಅಲ್ಲಾಡಿಸದೆ ಕೇಳಿದರು. ಯಾವಾಗಿನ ಹಾಗೇ ಬಲಕ್ಕೆ ಎಂದಳು ಆಕೆ. ಚಾಂಪಿಯನ್ ಜನರತ್ತ ಕೈಬೀಸಿ, ಹೆಂಡತಿಯ ಮೊಣಕೈ ಹಿಡಿದು ನಡೆದರು. ಹುಲ್ಲಿನ ಮೇಲೆ ಇಡಬೇಕಿದ್ದ ಕಾಲು ಪಾದ ಮುಚ್ಚುವವರೆಗೆ ಹೂತುಹೋಯಿತು.

“ಏನಿದು?”

“ಮರಳು.”

“ಯಾರು ತೋಡಿದ್ದು ಇಲ್ಲಿ?”

“ನೀವೇ ತೋಡ್ಸಿದ್ದು ರೀ.”

ಮುಂದಿನ ಹೊಡೆತದಲ್ಲೂ ಮರಳು. ಅದರ ಮುಂದಿನದರಲ್ಲೂ. ಅವರು ಚೆನ್ನಾಗಿ ಹೊಡೆದಷ್ಟೂ ಚೆಂಡು ಗುಂಡಿಯ ನಟ್ಟನಡುವೆ ಹೋಗಿ ಬೀಳುತ್ತಿತ್ತು. ಬೇಕೆಂದೇ ಕೆಟ್ಟದಾಗಿ ಹೊಡೆಯಲು ಅವರ ಕೈಗೆ ಬರುತ್ತಿರಲಿಲ್ಲ. ಎಲ್ಲಿ ಗುಂಡಿಯಿದೆ, ಎಲ್ಲಿ ಇಲ್ಲ ಎಂದು ಬೇರೆ ಯಾರನ್ನೂ ಕೇಳುವಂತಿರಲಿಲ್ಲ. ತಾನೇ ಮಾಡಿದ ಮೈದಾನ. ಕೊಕ್ಕರೆಯ ಚೆಂಡು ಹಾಯಾಗಿ ಹುಲ್ಲಿನ ಮೇಲೆ ಉರುಳುತ್ತಿತ್ತು. “ಏನಯ್ಯಾ, ಮರಳಲ್ಲೇ ಮನೆ ಕಟ್ಟೋ ಯೋಚನೇನಾ?” ಎಂದು ಕೊಕ್ಕರೆ ಹಗ್ಗದಾಚೆಯವರಿಗೂ ಕೇಳುವಂತೆ ವಿಚಾರಿಸಿದರು. ಜನ ನಕ್ಕರು. ಹಿಂದೆ ಬಾವುಟದ ಮಾತಿಗೆ ನಕ್ಕಿದ್ದ ಎಂಜಿನಿಯರುಗಳೂ ಅಲ್ಲಿದ್ದರು.

ಚೆಂಡು ಬೀಳಿಸಬೇಕಾದ ಕೊನೆಯ ಕುಳಿಯ ಪಕ್ಕದ ಮರಳುಗುಂಡಿ ಎಲ್ಲಕ್ಕಿಂತ ಆಳವಾದದ್ದು. ಅದರೊಳಗೆ ನಿಂತು ಚಾಂಪಿಯನ್ ಮೊಣಕಾಲಿಗೆ ಅಂಟಿದ ಮರಳನ್ನು ಕೊಡವಿಕೊಂಡರು. ಅಷ್ಟು ಹೊತ್ತಿಗೆ ಅವರಿಗೆ ಅರ್ಥವಾಗಿತ್ತು.

“ಬಲಕ್ಕೆ ಬಲಕ್ಕೆ ಅಂತ ಬಾಯಿ ತುಂಬ ಹೇಳಿದ್ಯಲ್ಲೇ.”

“ಬಲಕ್ಕೇ ಬಿದ್ದಿತ್ತು. ಬಾಯಲ್ಲಿ ನಾನು ಒಂದು ಸುಳ್ಳೂ ಹೇಳಿಲ್ಲ” ಎಂದಳು. “ಮಗಳ ಆ ಕೋಲುಗಳಿಗೆ ಎಡಕ್ಕೆ ಹೋಗೋದೇ ಅಭ್ಯಾಸ.”

ಬಾವುಟ ಯಾವ ಕಡೆ ಇದೆ ಎಂದಷ್ಟೇ ಚಾಂಪಿಯನ್ ಕೇಳಿದರು. ಆಕೆ ಹೇಳಲಿಲ್ಲ. ಗುಂಡಿಯಿಂದ ಮೇಲೆ ಹತ್ತಿ, ಚೀಲ ಕೆಳಗಿಟ್ಟು, ಜನರ ಜೊತೆ ಹೋಗಿ ನಿಂತಳು. ಸ್ಟಿಕ್ಕು ಎತ್ತಿಕೊಂಡ ಆ ಮುದಿ ಚಾಂಪಿಯನ್ ಅತ್ತಿತ್ತ ಮುಖ ತಿರುಗಿಸುತ್ತ, ಒಂದು ದನಿಗಾಗಿ ಕಾಯುತ್ತ ಮರಳಿನಲ್ಲಿ ನಿಂತೇ ಇದ್ದರು. ಯೋಚಿಸುತ್ತಿದ್ದಾರೆಂದು ಜನ ಉಸಿರು ಬಿಗಿಹಿಡಿದರು. ಚಾಂಪಿಯನ್ ಅಂದಾಜಿನಿಂದ ಹೊಡೆದರು. ಚೆಂಡು ಗುಂಡಿಯ ಗೋಡೆಗೆ ಬಡಿದು ಉರುಳಿ ಬಂದು ಅವರ ಬೂಟಿನ ಬಳಿಯೇ ನಿಂತಿತು. ಪಟ್ಟಿಯಲ್ಲಿ ಅವರದು ಕಟ್ಟಕಡೆಯ ಹೆಸರಾಯಿತು.

ಮರುದಿನ ಆಕೆ ಮಗಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ನಿನಗೋಸ್ಕರ ಮಾಡಿದೆ ಎಂದಳು. ಆ ಕಡೆ ರೋಗಿಯೊಬ್ಬರನ್ನು ಒಳಗೆ ಕಳಿಸುವ ಸದ್ದು, ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

“ನನ್ನ ಹೆಸರು ಇದಕ್ಕೆ ತರಬೇಡಮ್ಮ” ಎಂದಳು ಮಗಳು. “ಗರಗಸ ಅಪ್ಪನ ಕೈಲಿತ್ತು, ಸರಿ. ಅಲ್ಲಾಡದ ಹಾಗೆ ಹಿಡ್ಕೊಂಡಿದ್ದು ಯಾರು?”

ಇಲ್ಲಿ ಜನ ಕಾಯುತ್ತಿದ್ದಾರೆ ಎಂದು ಹೇಳಿ ಫೋನ್ ಇಟ್ಟಳು.

ಆ ಸಂಜೆ ಕಾರ್ಯದರ್ಶಿ ಹೂಗುಚ್ಛ ಹಿಡಿದುಕೊಂಡು ಮನೆಗೆ ಬಂದರು. ಕೊಕ್ಕರೆಯೂ ಜೊತೆಗಿದ್ದರು. ಹೆಂಡತಿ ಕಾಫಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಬೈಯಲು ಬಂದಿದ್ದಾರೆಂದು ಆಕೆ ತಿಳಿದಿದ್ದಳು. ಅವರು ಬಂದದ್ದು ಹೊಗಳಲು. ಆಡಿದವರೆಲ್ಲ ಮೈದಾನಕ್ಕೆ ಮನಸೋತಿದ್ದರು. ಎಲ್ಲರಿಗೂ ದಾರಿ ಬಿಟ್ಟು, ಮಾಡಿದವನೊಬ್ಬನನ್ನೇ ತಡೆದು ನಿಲ್ಲಿಸುವ ಮೈದಾನವನ್ನು ಯಾರೂ ಕಂಡಿರಲಿಲ್ಲವಂತೆ. ಕೊಕ್ಕರೆ ಚಾಂಪಿಯನ್ನರ ಕೈಹಿಡಿದು, ಇಷ್ಟು ವರ್ಷ ನಿನ್ನನ್ನು ತಪ್ಪು ತಿಳಿದಿದ್ದೆ ಎಂದರು. ಬೇರೆ ಎರಡು ಊರಿನ ಕ್ಲಬ್ಬುಗಳು ಇಂಥದೇ ಮೈದಾನ ಬೇಕೆಂದು ಕೇಳಿವೆ ಎಂದರು ಕಾರ್ಯದರ್ಶಿ.

ಚಾಂಪಿಯನ್ ಮುಖ ಎತ್ತಿದರು.

“ಗೆದ್ದು ಗೆದ್ದು ಬೇಜಾರಾಗಿತ್ತು. ಬೇಕಂತಾನೇ ಹಾಗೆ ಮಾಡ್ದೆ” ಎಂದರು.

ಬಂದವರು ಹೋದ ಮೇಲೆ ಆಕೆ ಲೋಟಗಳನ್ನು ಎತ್ತುತ್ತಿದ್ದಳು. ಕಪಾಟಿನ ಕಡೆಗೆ ಮುಖ ಮಾಡಿ, ಆಕೆ ನಿಂತಿರುವ ಜಾಗವನ್ನು ಅಂದಾಜು ಮಾಡಿಕೊಂಡು ಅವರು ಮಾತಾಡಿದರು.

“ನಾಡಿದ್ದು ಹೊಸ ಜಾಗಕ್ಕೆ ಹೋಗ್ಬೇಕು. ಕೋಲು ಎಡಕ್ಕಾದ್ರೂ ನೆಡು, ಬಲಕ್ಕಾದ್ರೂ ನೆಡು, ಇನ್ಮೇಲೆ ನಾನು ಕೇಳಲ್ಲ. ಹೆಸರು ಹೇಗಿದ್ರೂ ನಂದೇ ಇರುತ್ತೆ.”

ಆಕೆ ಲೋಟ ತೊಳೆದಿಟ್ಟು, ಶೆಡ್ಡಿಗೆ ಹೋಗಿ ಕೋಲುಗಳಿಗೆ ಮೆತ್ತಿದ್ದ ಮಣ್ಣು ಒರೆಸಿದಳು.

ಹೊಸ ಜಾಗ ಕಲ್ಲು ನೆಲ. ಬಿಸಿಲೇರುವ ಮೊದಲೇ ಆಕೆ ಕೊಡೆ ಹಿಡಿದು ದೂರ ನಡೆದು ಹೋಗಿ ನಿಂತಳು. ಸ್ಟಿಕ್ಕು ಬೀಸಿದ ಸದ್ದಾಯಿತು, ಚೆಂಡು ತಲೆಯ ಮೇಲಿನಿಂದ ಹಾದುಹೋಯಿತು. ಎಲ್ಲಿ ಬಿತ್ತೆಂದು ಅವರು ಕೇಳಲಿಲ್ಲ. ಆಕೆಯೂ ತಿರುಗಿ ನೋಡಲಿಲ್ಲ. ಒಂದು ಕೋಲನ್ನು ತೆಗೆದು, ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ, ತಾನು ನಿಂತಿದ್ದಲ್ಲೇ ಊರಿದಳು. ಕಲ್ಲಿಗೆ ತಗುಲಿ ಅದು ಬಾಗಿತು. ಇನ್ನೊಂದನ್ನು ತೆಗೆದಳು.