ಬೋಜಪ್ಪಣ್ಣ ನನ್ನನ್ನು ಅರಸೀಕೆರೆಗೆ ಕರೆದುಕೊಂಡು ಹೋದದ್ದು

ಬೋಜಪ್ಪಣ್ಣನ ಮೇಲೆ ನನಗೆ ಈಗಲೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನನ್ನ ಹೆಂಡತಿ ಭವಿತಾ ಹೇಳುತ್ತಾಳೆ. ನಾನು ಇಟ್ಟುಕೊಂಡದ್ದಲ್ಲ, ಅದು ಹೋಗುವುದಿಲ್ಲ, ಏನು ಮಾಡುವುದು? ಕಿವಿ ಕೇಳುವುದಿಲ್ಲ ಎಂದು ಅವರು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಕೈಸನ್ನೆ ಮಾಡಿದರೂ ಸಾಕಿತ್ತು. ಹೇಳಲಿಲ್ಲ. ನನ್ನನ್ನು ಘಟ್ಟ ಹತ್ತಿಸಿ, ಅರಸೀಕೆರೆಯವರೆಗೆ ಕರೆದುಕೊಂಡು ಹೋಗಿ, ಮುಗಿದುಹೋದ ಎಂಜಿನ್ನಿನ ಒಂದು ಓಮ್ನಿ ವ್ಯಾನಿನ ಮೇಲೆ ಕೈಯಿಟ್ಟು "ಒಳ್ಳೆದುಂಟು" ಎಂದರು.

ಅವರು ಯಾರೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಅರಂತೋಡಿನವರು. ಇಪ್ಪತ್ತೆಂಟು ವರ್ಷ ಸರ್ವಿಸ್ ಜೀಪು ಓಡಿಸಿದವರು. ಬಸ್ಸು ಹೋಗದ ಒಳದಾರಿಗಳಲ್ಲಿ ಒಂಬತ್ತು ಜನರ ಜೀಪಿಗೆ ಹತ್ತೊಂಬತ್ತು ಜನರನ್ನು ಹತ್ತಿಸಿ, ತಾನು ಅರ್ಧ ಹೊರಗೆ ನೇತಾಡಿಕೊಂಡು ಸ್ಟೇರಿಂಗ್ ಹಿಡಿಯುತ್ತಿದ್ದರು. ಒಳದಾರಿಗಳಿಗೂ ಡಾಮರು ಬಂದು, ಮನೆಮನೆಗೆ ಬೈಕು ಬಂದ ಮೇಲೆ ಜೀಪು ನಿಂತಿತು. ಅಷ್ಟರಲ್ಲಿ ಅವರಿಗೆ ಬೇರೆ ಹೆಸರು ಬಂದಾಗಿತ್ತು. ಸುಳ್ಯದಿಂದ ಕಡಬದವರೆಗೆ ಯಾರು ಹಳೆ ಕಾರು ತೆಗೆಯುವುದಾದರೂ ಅವರನ್ನು ಜೊತೆಗೆ ಕರೆದುಕೊಂಡು ಹೋಗುವುದು ಕ್ರಮವಾಗಿತ್ತು. ಒಂದು ಮೊಳ ಉದ್ದದ ಸ್ಕ್ರೂಡ್ರೈವರ್ ಚೀಲದಲ್ಲಿ ಇಟ್ಟುಕೊಂಡು ಬರುತ್ತಿದ್ದರು. ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುವುದು, ಡಾಕ್ಟರು ಎದೆ ನೋಡಿದ ಹಾಗೆ. "ಎರಡನೆಯದಕ್ಕೆ ಕೆಮ್ಮು ಉಂಟು" ಎಂದರೆ ಬಿಚ್ಚಿ ನೋಡಿದಾಗ ಎರಡನೆಯ ಸಿಲಿಂಡರಿನಲ್ಲಿ ಕೆಮ್ಮು ಇದ್ದೇ ಇರುತ್ತಿತ್ತು. ಇದಕ್ಕೆಲ್ಲ ಅವರು ತೆಗೆದುಕೊಳ್ಳುತ್ತಿದ್ದದ್ದು ಒಂದು ಊಟ ಮತ್ತು ಬಸ್ಸಿನ ಚಾರ್ಜು. ಒಬ್ಬ ಬ್ರೋಕರ್ ಗುಟ್ಟಾಗಿ ಐನೂರು ರೂಪಾಯಿ ಜೇಬಿಗೆ ತುರುಕಿದ್ದಕ್ಕೆ, ಅದೇ ಹಣದಲ್ಲಿ ಅಲ್ಲಿದ್ದ ಕೆಲಸದವರಿಗೆಲ್ಲ ಚಾ, ಬನ್ಸ್ ತರಿಸಿಕೊಟ್ಟು, ಗಾಡಿ ಬೇಡ ಎಂದು ಎದ್ದು ಬಂದವರು.

ಎಷ್ಟು ದೂರ ಹೋಗಿ ಕಾರು ತರಬಹುದು ಎಂಬುದಕ್ಕೂ ಅವರದೊಂದು ಲೆಕ್ಕವಿತ್ತು. "ಮರುದಿನ ಪುನಃ ಹೋಗಿ, ಜಗಳ ಮಾಡಿ, ಕತ್ತಲಾಗುದರೊಳಗೆ ಮನೆಗೆ ಬರ್ಲಿಕ್ಕೆ ಆಗ್ಬೇಕು. ಅದಕ್ಕಿಂತ ಆಚೆಯದ್ದು ಚಿನ್ನದ್ದಾದ್ರೂ ಬೇಡ" ಎನ್ನುತ್ತಿದ್ದರು.

ನನ್ನದು ಕಡಬದ ಹತ್ತಿರ ಅಡಿಕೆ ಹಾಳೆಯ ತಟ್ಟೆ ಮಾಡುವ ಶೆಡ್. ನಾನು ಓದಿದ್ದು ಆರನೆಯ ಕ್ಲಾಸು. ಎರಡು ಮೆಷಿನ್, ನಾನು, ಭವಿತಾ, ಕೆಲಸಕ್ಕೆ ಇಬ್ಬರು ಹೆಂಗಸರು. ತಟ್ಟೆ ಒತ್ತುವುದು ಕಷ್ಟವಲ್ಲ, ಮುಟ್ಟಿಸುವುದು ಕಷ್ಟ. ಸುಳ್ಯ, ಪುತ್ತೂರಿನ ಅಡುಗೆ ಕಾಂಟ್ರಾಕ್ಟಿನವರು ಮದುವೆಯ ಹಿಂದಿನ ದಿನ ಫೋನ್ ಮಾಡಿ ಸಾವಿರ ತಟ್ಟೆ ಬೇಕು ಎನ್ನುತ್ತಾರೆ. ಪಿಕಪ್ಪಿನ ಬಾಡಿಗೆ ಕೊಟ್ಟ ಮೇಲೆ ನಮಗೆ ಉಳಿಯುವುದು ಕೈಗಂಟಿದ ಹಾಳೆಯ ಕರೆ ಮಾತ್ರ. ಸ್ವಂತ ಗಾಡಿ ಆಗದಿದ್ದರೆ ಶೆಡ್ಡಿಗೆ ಬೀಗ ಹಾಕುವುದೇ ಎಂಬಲ್ಲಿಗೆ ಬಂದಾಗ ಭವಿತಾ ತವರಿನ ನಾಲ್ಕು ಬಳೆ ಮಾರಿ ಹಣ ತಂದು ಕೈಗಿಟ್ಟಳು.

"ಇದು ಹೋದ್ರೆ ಮತ್ತೆ ನನ್ನ ಕೈಯಲ್ಲಿ ಎಂತದೂ ಇಲ್ಲ" ಎಂದಳು. "ನಿಮ್ಮ ಬಾಯಿ ನಂಬಿ ಹೋಗ್ಬೇಡಿ. ಬೋಜಪ್ಪಣ್ಣನನ್ನು ಕರ್ಕೊಂಡು ಹೋಗಿ."

ಹಾಗೆ ಶುರುವಾದದ್ದು.

ಮೊದಲು ಪುತ್ತೂರಿಗೆ ಹೋದೆವು, ಹಳೆ ಕಾರು ಮಾರುವ ಸಫೀರನ ಯಾರ್ಡಿಗೆ. ಒಂದು ಬಿಳಿ ಓಮ್ನಿ ಇತ್ತು. ಸಫೀರ್ ನಗುನಗುತ್ತಾ ಬಂದು ಮುಂದಿನ ಸೀಟು ಎತ್ತಿ ಎಂಜಿನ್ ತೋರಿಸಿದ.

"ಎಂತ ಬೋಜಪ್ಪಣ್ಣ, ಅಪರೂಪ! ಸ್ಟಾರ್ಟ್ ಮಾಡ್ಲಾ? ಕಿವಿ ಇಡಿ."

ಬೋಜಪ್ಪಣ್ಣ ಆ ಬದಿಗೆ ಹೋಗಲೇ ಇಲ್ಲ. ನೆಲಕ್ಕೆ ಬಗ್ಗಿ ಗಾಡಿಯ ಅಡಿ ನೋಡಿದರು. "ಬೇಡ. ಸಮುದ್ರದ ಬದಿಯಲ್ಲಿ ಓಡಿದ್ದು. ಅಡಿಗೆ ತುಕ್ಕು ಹಿಡಿದಿದೆ."

"ತುಕ್ಕಿಲ್ಲದ ಓಮ್ನಿ ಬೇಕಾದ್ರೆ ಫೋಟೋ ತೆಗ್ದು ಗೋಡೆಗೆ ಹಾಕ್ಬೇಕು ಮಾರಾಯ್ರೆ" ಎಂದ ಸಫೀರ್.

ನನಗೆ ಎಲ್ಲಿತ್ತೋ ಸಿಟ್ಟು. "ನೀನು ಗಾಡಿ ಮಾರುದಾ, ಗುಜರಿ ಮಾರುದಾ?" ಎಂದು ಅವನ ಮೇಲೆ ಹಾರಿದೆ. ಅವನು ನನ್ನ ಮುಖ ನೋಡಿದ, ಬೋಜಪ್ಪಣ್ಣನ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ.

ಆಮೇಲೆ ಸುಳ್ಯದಲ್ಲಿ ವೆಂಕಟ್ರಮಣ ಮಾಸ್ತರರ ಗಾಡಿ. ಸ್ವಂತಕ್ಕೆ ಓಡಿಸಿದ್ದು, ಕ್ರಯವೂ ಹೊಂದುತ್ತಿತ್ತು. ಬೋಜಪ್ಪಣ್ಣ ಮನೆಯ ಗೇಟಿನಲ್ಲೇ ನಿಂತು, "ಪರಿಚಯದವರದ್ದು ತೆಗೀಬಾರ್ದು. ನಾಳೆ ಹಾಳಾದ್ರೆ ಮುಖ ನೋಡ್ಲಿಕ್ಕಾಗುದಿಲ್ಲ" ಎಂದರು. ಅದೂ ಸರಿಯೆಂದು ಕಂಡಿತು. ಕುಶಾಲನಗರಕ್ಕೆ ಹೋದೆವು. ಅಲ್ಲಿ ಯಾರ್ಡಿನ ಹೊರಗೆ ಸುಳ್ಯದ ಇಬ್ಬರು ಕಾರು ನೋಡಲು ಬಂದು ನಿಂತಿದ್ದರು. ಅವರನ್ನು ಕಂಡದ್ದೇ ತಡ, ಇವರು ಒಳಗೆ ಕಾಲಿಡದೆ ತಿರುಗಿದರು. "ಇಲ್ಲಿಯದ್ದು ಬೇಡ ತೀರ್ಥ. ಇನ್ನೂ ಆಚೆ ಹೋಗುವ. ಅರಸೀಕೆರೆ. ಒಣ ಊರು, ಗಾಡಿಗೆ ತುಕ್ಕು ಹಿಡಿಯುದಿಲ್ಲ."

"ಅಷ್ಟು ದೂರ? ಜಗಳಕ್ಕೆ ಹೋಗಿ ಬರ್ಲಿಕ್ಕೆ ಆಗ್ಬೇಕು ಅಂತ ನೀವೇ ಹೇಳುದಲ್ವಾ?"

"ಜಗಳ ಆಗದ ಗಾಡಿ ತೆಗಿಯುವ" ಎಂದರು.

ಬೆಳಿಗ್ಗೆ ಗುಂಡ್ಯದಲ್ಲಿ ಹಾಸನದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಮಾತಾಡಿದೆ, ಅವರು ಉತ್ತರ ಕೊಟ್ಟರು. ಎಲ್ಲರೂ ನನ್ನನ್ನು ಕೇಳುವುದು ಇದನ್ನೇ: ಇಡೀ ದಿನ ಜೊತೆಗಿದ್ದೂ ನಿನಗೆ ಗೊತ್ತಾಗಲಿಲ್ಲವಾ ಎಂದು. ಇಲ್ಲ. ನನ್ನ ಬಾಯಿ ದೊಡ್ಡದು. ಮೆಷಿನ್ನಿನ ಎದುರು ಮಾತಾಡಿ ಅಭ್ಯಾಸ, ಸಿಟ್ಟು ಬಂದರೆ ಇನ್ನೂ ದೊಡ್ಡದು, ನನಗೆ ಸಿಟ್ಟಿಲ್ಲದ ಹೊತ್ತು ಕಡಿಮೆ. ಬೇರೆಯವರು ಹೇಳಿದ್ದು ಕೇಳದ ಮನುಷ್ಯನಿಗೆ, ಹತ್ತಿರ ಕುಳಿತು ನನ್ನ ಬಾಯಿ ನೋಡುತ್ತಿದ್ದರೆ, ನಾನು ಹೇಳಿದ್ದು ಕೇಳುತ್ತಿತ್ತು. ಬೇರೆ ಯಾರ ಜೊತೆಗೂ ಹೋಗುವುದನ್ನು ಬಿಟ್ಟಿದ್ದವರು ನನ್ನ ಜೊತೆಗೆ ಹೊರಟದ್ದು ಇದೇ ಕಾರಣಕ್ಕೆ ಇರಬೇಕು.

ಅರಸೀಕೆರೆಯ ಯಾರ್ಡಿನಲ್ಲಿ ನೀಲಿ ಓಮ್ನಿ. ತೊಳೆದು ಪಾಲಿಶ್ ಹಾಕಿ ನಿಲ್ಲಿಸಿದ್ದರು. ಬೋಜಪ್ಪಣ್ಣ ಅಲ್ಲಿ ಬೇರೆಯೇ ಮನುಷ್ಯ. ಎದೆ ಸೆಟೆಸಿ ನಡೆದರು. ಟಯರು ಒದ್ದರು, ಬಾಗಿಲು ತೆಗೆದು ಹಾಕಿದರು, ಮ್ಯಾಟು ಎತ್ತಿ ನೆಲ ಕುಟ್ಟಿದರು. ಅಲ್ಲಿಯ ಬ್ರೋಕರ್ ಅವರನ್ನು "ಯಜಮಾನ್ರೇ" ಎಂದು ಕರೆದ. ಸೀಟು ಎತ್ತಿ ಎಂಜಿನ್ ಸ್ಟಾರ್ಟ್ ಮಾಡಿದಾಗ ಸ್ಕ್ರೂಡ್ರೈವರ್ ಹೊರಗೆ ಬರಲಿಲ್ಲ. ಅಂಗೈಯನ್ನು ಎಂಜಿನ್ನಿನ ಮೇಲಿಟ್ಟು ಕಣ್ಣು ಮುಚ್ಚಿದರು.

ನನಗೆ ಕೇಳಿತು. ಒಳಗೆಲ್ಲೋ ಕಟ, ಕಟ, ಕಟ. ದಪ್ಪ ಬಟ್ಟೆಯೊಳಗೆ ಕಲ್ಲು ಕುಟ್ಟಿದ ಹಾಗೆ.

"ಎಂತ ಶಬ್ದ ಅದು ಬೋಜಪ್ಪಣ್ಣ?"

ಅವರು ನನ್ನ ಬಾಯಿಯನ್ನೇ ನೋಡಿದರು. "ಟ್ಯಾಪೆಟ್. ಅಡ್ಜಸ್ಟ್ ಮಾಡಿದ್ರೆ ಹೋಗ್ತದೆ. ಒಳ್ಳೆದುಂಟು, ತೆಗಿ."

ತೆಗೆದೆ. ಬಳೆಯ ಹಣವನ್ನು ಎಣಿಸಿ ಕೊಟ್ಟೆ. ನನ್ನ ಕಿವಿಗೆ ಕೇಳಿದ್ದನ್ನು ಬಿಟ್ಟು ಅವರ ಅಂಗೈಯನ್ನು ನಂಬಿದೆ.

ಹಾಸನ ದಾಟುವಾಗ ಶಬ್ದ ಜೋರಾಯಿತು. ಶಬ್ದ ಮುಚ್ಚಲು ಗಟ್ಟಿ ಆಯಿಲ್ ಹಾಕಿದ್ದರಂತೆ. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದಾಗ ಒಳಗಿನದ್ದು ಹೊರಗೆ ಬರುತ್ತದೆಯೆಂದು ಆಮೇಲೆ ಮೆಕ್ಯಾನಿಕ್ ಹೇಳಿದ. ಸಕಲೇಶಪುರದಲ್ಲಿ ದಾರಿಯ ಜನ ತಿರುಗಿ ನೋಡುವಷ್ಟಾಯಿತು. ಟ್ಯಾಪೆಟ್ ಎಂದಿದ್ದಾರಲ್ಲ ಎಂದು ನಾನು ಓಡಿಸುತ್ತಲೇ ಇದ್ದೆ. ಬೋಜಪ್ಪಣ್ಣ ಪಕ್ಕದ ಸೀಟಿನಲ್ಲಿ ಗಾಳಿಗೆ ಮುಖ ಕೊಟ್ಟು ಆರಾಮವಾಗಿ ಕುಳಿತಿದ್ದರು. ಶಿರಾಡಿ ಘಾಟಿ ಇಳಿದು ಗುಂಡ್ಯ ಮುಟ್ಟುವಾಗ ಅಡಿಯಿಂದ ಬಾಂಬು ಒಡೆದ ಹಾಗೆ ಒಂದು ಸದ್ದು. ಎಂಜಿನ್ನಿನೊಳಗಿನ ರಾಡು ಮುರಿದು, ಬ್ಲಾಕನ್ನೇ ಒಡೆದುಕೊಂಡು ಹೊರಗೆ ಬಂದಿತ್ತು. ಆಯಿಲ್ ರಸ್ತೆಯ ಮೇಲೆ ಹರಿಯಿತು.

ಹೋಟೆಲುಗಳ ಎದುರು ಲಾರಿಯವರು, ಬಸ್ಸು ಕಾಯುವವರು, ಎಲ್ಲ ಸೇರಿದರು. ನಾನು ಬೊಬ್ಬೆ ಹೊಡೆದೆ. ಏನೇನು ಹೇಳಿದೆ ಎಂದು ಬರೆಯಲು ಮನಸ್ಸಿಲ್ಲ.

"ಕಿವಿಗೆ ಗ್ರೀಸು ತುಂಬಿಸಿಕೊಂಡು ಕೂತಿದ್ರಾ? ಹಾಸನದಿಂದ ಬಡ್ಕೊಳ್ತಾ ಉಂಟಲ್ಲ, ಕೇಳ್ಲಿಲ್ವಾ?"

ಲಾರಿಯವನೊಬ್ಬ ನಕ್ಕ. ಬೋಜಪ್ಪಣ್ಣ ಗಾಡಿಯ ಅಡಿಯ ಆಯಿಲನ್ನು ನೋಡುತ್ತಾ ನಿಂತಿದ್ದರು. ನಾನು ಹಿಂದಿನಿಂದ ಅವರ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಜನರೆಲ್ಲ ತಿರುಗಿದರು, ಅವರು ತಿರುಗಲಿಲ್ಲ. ಆಗ ನನಗೆ ಗೊತ್ತಾಯಿತು. ಎದುರಿಗೆ ಹೋಗಿ ನಿಂತೆ.

"ಯಾವಾಗಿಂದ?"

ಅವರು ನನ್ನ ತುಟಿ ನೋಡಿ, ಎರಡು ಬೆರಳು ತೋರಿಸಿದರು. ಎರಡು ವರ್ಷ.

"ಕಿವುಡ!" ಎಂದು ಕೂಗಿದೆ. ಜನರ ಕಡೆಗೆ ತಿರುಗಿ ಕೂಗಿದೆ. "ಈ ಕಿವುಡ ನನ್ನ ಹೆಂಡತಿಯ ಬಳೆ ತಿಂದ!"

ಅವರನ್ನು ಅಲ್ಲೇ ಬಿಟ್ಟು ಯಾರದೋ ಬೈಕಿನ ಹಿಂದೆ ಕುಳಿತು ಕಡಬಕ್ಕೆ ಬಂದೆ. ಅವರು ಹೇಗೆ ಅರಂತೋಡಿಗೆ ಹೋದರೋ ಕೇಳಲಿಲ್ಲ.

ಮೂರನೆಯ ದಿನ ಅರಸೀಕೆರೆಗೆ ಜಗಳಕ್ಕೆ ಹೋದೆ. ಬ್ರೋಕರ್ ನಾನು ಸಹಿ ಹಾಕಿದ ಕಾಗದ ತೋರಿಸಿದ, ಇದ್ದ ಹಾಗೆ ತೆಗೆದುಕೊಂಡಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ನಾನು ಕೈ ಎತ್ತಿದೆ, ನಾಲ್ಕು ಜನ ಸೇರಿ ನನ್ನನ್ನು ಹೊರಗೆ ಹಾಕಿದರು. ಆ ಊರಿನಲ್ಲಿ ನನ್ನ ಪರವಾಗಿ ಮಾತಾಡಲು ಒಂದು ನಾಯಿಯೂ ಇರಲಿಲ್ಲ. ಬಸ್ಸು ತಪ್ಪಿ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಮಲಗಿ ಮರುದಿನ ಬಂದೆ.

ಓಮ್ನಿ ಗುಜರಿಗೆ ಹೋಯಿತು. ಅದನ್ನು ಮಾತಾಡಲು ಸಫೀರನ ಬಳಿಗೇ ಹೋಗಬೇಕಾಯಿತು. ಅವನು ಗೆದ್ದವನ ಹಾಗೆ ಮಾತಾಡಲಿಲ್ಲ.

"ನಮಗೆಲ್ಲ ಗೊತ್ತಿತ್ತು ತೀರ್ಥರಾಮಣ್ಣ. ಎರಡು ವರ್ಷದ ಹಿಂದೆ ಇಲ್ಲೇ ಒಂದು ಗಾಡಿ ನೋಡ್ತಾ ಇದ್ರು. ನಮ್ಮ ಹುಡುಗ್ರು ಎಂಜಿನ್ ಆಫ್ ಮಾಡಿದ್ರು. ಅವರು ಸ್ಕ್ರೂಡ್ರೈವರ್ ಕಿವಿಗೆ ಇಟ್ಕೊಂಡು ತಲೆ ಆಡಿಸ್ತಾ ನಿಂತೇ ಇದ್ರು. ಎಲ್ಲರೂ ನಗಾಡಿದ್ರು. ನಾನೂ ನಗಾಡಿದೆ, ಸುಳ್ಳು ಹೇಳುದಿಲ್ಲ. ಆ ಸುದ್ದಿ ಸುಳ್ಯ, ಮಡಿಕೇರಿ ಎಲ್ಲ ಯಾರ್ಡಿಗೂ ಹೋಯ್ತು. ಮತ್ತೆ ಅವರು ಈ ಕಡೆ ಬಂದದ್ದು ನಿಮ್ಮ ಜೊತೆಗೇ."

"ನನಗೆ ಯಾಕೆ ಹೇಳ್ಲಿಲ್ಲ ನೀನು?"

"ಹೇಳುವ ಅಂತ ಬಾಯಿ ತೆಗ್ದೆ. ಹೇಳಿದ್ರೆ ನೀವು ಅವರನ್ನು ಪೇಟೆ ನಡುವಲ್ಲಿ ನಿಲ್ಲಿಸಿ ಬೈತಿದ್ರಿ."

ಅವರು ದೂರ ದೂರ ಹೋದದ್ದು ತುಕ್ಕಿಗೆ ಹೆದರಿ ಅಲ್ಲ. ತನ್ನನ್ನು ನೋಡಿ ನಗದ ಒಂದು ಊರು ಹುಡುಕಿಕೊಂಡು ಹೋದದ್ದು. ಇಷ್ಟು ಗೊತ್ತಾದ ಮೇಲಾದರೂ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ನಾಚಿಕೆ ಅವರದ್ದು, ಬಳೆ ನಮ್ಮದು. ಆ ವಾರವೆಲ್ಲ ಸುಳ್ಯದ ಪೇಟೆಯಲ್ಲಿ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ.

ಹದಿನೈದು ದಿನ ಕಳೆದು ಒಂದು ಸೋಮವಾರ ಬೆಳಿಗ್ಗೆ ಬೋಜಪ್ಪಣ್ಣ ನಮ್ಮ ಶೆಡ್ಡಿಗೆ ಬಂದರು. ಅರಂತೋಡಿನಿಂದ ಎರಡು ಬಸ್ಸು ಬದಲಿಸಿ ಬಂದದ್ದು. ಅಂಗಿ ತೆಗೆದು ಮೊಳೆಗೆ ನೇತುಹಾಕಿ, ನೆನೆಹಾಕಿದ ಹಾಳೆಗಳನ್ನು ತೊಳೆಯಲು ಕುಳಿತರು. ಸಂಜೆ ಹೋಗುವಾಗ ಸುಳ್ಯಕ್ಕೆ ಮುಟ್ಟಿಸಬೇಕಾದ ಎರಡು ಕಟ್ಟು ತಟ್ಟೆಗಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಗುರುವಾರ ಪುನಃ ಬಂದರು. ಮುಂದಿನ ಸೋಮವಾರವೂ ಬಂದರು. ಸುಳ್ಯದ ಅಡುಗೆ ಕಾಂಟ್ರಾಕ್ಟಿನ ಕೌಶಲ್ ಫೋನ್ ಮಾಡಿ, "ನಿಮ್ಮ ಅಜ್ಜ ಭಾರಿ ಟೈಮಿನ ಜನ ಮಾರಾಯ್ರೆ" ಎಂದ.

ಭವಿತಾ ಅವರಿಗೆ ಊಟ ಬಡಿಸುತ್ತಿದ್ದಳು. ಅವಳ ಬರಿಗೈ ಕಂಡರೆ ಅವರು ಬಟ್ಟಲಿನಿಂದ ಕಣ್ಣು ಎತ್ತುತ್ತಿರಲಿಲ್ಲ. ನಾನು ಅವರ ಜೊತೆ ಮಾತಾಡಲಿಲ್ಲ. ಮಾತಾಡಿದರೆ ಕೇಳುವುದು ನನ್ನ ಸ್ವರ ಮಾತ್ರ ಎಂದು ಗೊತ್ತಿದ್ದೂ ಮಾತಾಡಲಿಲ್ಲ.

"ಸಾಕು ಅಂತ ಒಂದು ಮಾತು ಹೇಳಿ" ಎಂದಳು ಭವಿತಾ, ಎರಡು ತಿಂಗಳಾದಾಗ. "ಅರವತ್ತೆಂಟು ವರ್ಷದವರು. ಬೆನ್ನು ನೋಡಿದ್ದೀರಾ, ಹೇಗೆ ಬಗ್ಗಿದೆ?"

"ನಾನು ಬನ್ನಿ ಅಂತ ಕರೆದದ್ದಾ?"

"ಕರೆಯದೆ ಬಂದದ್ದಕ್ಕೇ ಹೇಳುದು. ಕೋಪ ನಿಮ್ಮದು, ಬಳೆ ನನ್ನದಲ್ವಾ? ನನಗೆ ಸಾಕು."

"ಇನ್ನೊಂದು ವಾರ ಆಗ್ಲಿ" ಎಂದೆ. ಸಿಟ್ಟು ಒಂದು ಕಾರಣ. ಪಿಕಪ್ಪಿನ ಬಾಡಿಗೆ ಉಳಿಯುತ್ತಿದ್ದದ್ದು ಇನ್ನೊಂದು. ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ.

ಮುಂದಿನ ಸೋಮವಾರ ಅವರು ಬರಲಿಲ್ಲ. ಗುರುವಾರವೂ ಇಲ್ಲ. ಇಷ್ಟೇ ಇವರ ಹಣೆಬರಹ, ಮನಸ್ಸು ಬಂದಾಗ ಬರುವುದು, ಇಲ್ಲದಾಗ ಇಲ್ಲ ಎಂದು ಗೊಣಗಿದೆ. ಕಟ್ಟುಗಳನ್ನು ನಾನೇ ಹೊತ್ತುಕೊಂಡು ಸುಳ್ಯಕ್ಕೆ ಹೋದೆ. ಕೌಶಲ್ ನನ್ನನ್ನು ಕಂಡು ಕೈಯಲ್ಲಿದ್ದ ಸೌಟು ಕೆಳಗಿಟ್ಟ.

"ನಿಮಗೆ ಗೊತ್ತಿಲ್ವಾ? ಭಾನುವಾರ ಸಂಜೆ ಬಿದ್ದದ್ದು, ಬಚ್ಚಲಿನಲ್ಲಿ. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ಹೇಳಿದ್ರು. ಮಂಗಳವಾರ ಹೋದ್ರು."

ಹದಿನಾರನೆಯ ದಿನದ ಕ್ರಿಯೆ ಕಳೆದ ಮೇಲೆ ಅರಂತೋಡಿಗೆ ಹೋದೆ. ಅವರು ಬಂದ ದಿನಗಳನ್ನು ಭವಿತಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಟ್ಟಿದ್ದಳು. ಅಷ್ಟು ದಿನದ ಕೂಲಿಯನ್ನು ಲಕೋಟೆಯಲ್ಲಿ ಹಾಕಿ ಕೊಟ್ಟಿದ್ದಳು. ಬೋಜಪ್ಪಣ್ಣನ ಹೆಂಡತಿ ದುಗ್ಗಮ್ಮ ಜಗಲಿಯಲ್ಲಿ ಕುಳಿತಿದ್ದರು. ನನ್ನನ್ನು ಮೊದಲು ನೋಡಿದವರಲ್ಲ. ನಾನು ತೀರ್ಥರಾಮ, ಕಡಬದವನು ಎಂದಾಗ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಕೂತುಕೊಳ್ಳಿ. ಬೆಲ್ಲ, ನೀರು ತರ್ತೇನೆ" ಎಂದರು.

ಲಕೋಟೆ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

"ಇದೆಂತದು?"

"ಕೂಲಿ. ಬೋಜಪ್ಪಣ್ಣ ಕೆಲಸ ಮಾಡಿದ್ದಕ್ಕೆ."

"ಅವರು ಕೂಲಿಗೆ ಬಂದದ್ದಲ್ಲ. ಬಳೆಯ ಋಣ ತೀರಿಸ್ಲಿಕ್ಕೆ ಬಂದದ್ದು. ತೀರ್ಥ ಸಾಕು ಅಂತ ಹೇಳುವವರೆಗೆ ಹೋಗ್ತೇನೆ ಅಂತ ಇದ್ರು. ಬಸ್ಸಿನಿಂದ ಇಳಿದು ಬಂದ ಕೂಡಲೇ ನಾನು ಕೇಳುದು, ಇವತ್ತು ಹೇಳಿದ್ರಾ ಅಂತ. ಇಲ್ಲ ಅಂತ ತಲೆ ಆಡಿಸುದು." ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. "ಕಡೇ ದಿನ ಹೇಳಿದ್ರಾ ನೀವು? ಅವರಿಗೆ ಕೇಳದೆ ಹೋಯ್ತಾ ಎಂತದಾ ಅಂತ ನನಗೊಂದು ಸಂಶಯ."

ಹೌದು ಎಂದು ಹೇಳಿಬಿಡಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು?

"ಇಲ್ಲ" ಎಂದೆ. "ಹೇಳ್ಲಿಲ್ಲ."

"ಹಾಗಾದ್ರೆ ತೀರ್ಲಿಲ್ಲ" ಎಂದರು ದುಗ್ಗಮ್ಮ. ಲಕೋಟೆಯನ್ನು ನನ್ನ ಕಡೆಗೇ ಸರಿಸಿ ಬೆಲ್ಲ ತರಲು ಒಳಗೆ ಹೋದರು.

ಆ ಲಕೋಟೆ ನಮ್ಮ ಕಪಾಟಿನಲ್ಲಿ ಹಾಗೇ ಇದೆ. ಖರ್ಚು ಮಾಡಲು ಭವಿತಾ ಬಿಡುವುದಿಲ್ಲ, ಇನ್ನೊಮ್ಮೆ ಅರಂತೋಡಿಗೆ ತೆಗೆದುಕೊಂಡು ಹೋಗಲು ನನಗೆ ಮುಖವಿಲ್ಲ.