ಬೆಳ್ಳಿಯ ಮುಖದ ಎಡಗೆನ್ನೆ

ಹರಕೆಯಿಂದ ಮೂಳೆ ಕೂಡುತ್ತದೆಂದು ಯಾರಾದರೂ ಹೇಳಿದರೆ, ಆಧಾರವೇನೆಂದು ಕೇಳುವವರಲ್ಲಿ ನಾನೇ ಮೊದಲಿಗನಾಗಿದ್ದೆ. ಇಂದಿಗೂ ನಾನು ಹರಕೆ ಹೊರುವವನಲ್ಲ. ಆದರೆ ನನ್ನ ತಮ್ಮ ಶಿವಣ್ಣನ ಕೆನ್ನೆಯ ವಿಷಯ ಬಂದಾಗ ಮಾತ್ರ ಸುಮ್ಮನಾಗುತ್ತೇನೆ.

ಕಿಕ್ಕೇರಿಯ ಬಳಿ ಹಸು ಸಾಕಿಕೊಂಡಿರುವ ಅವನು ಒಂದು ಬೆಳಿಗ್ಗೆ ಹಾಲು ಕರೆಯುತ್ತಿದ್ದಾಗ, ಪಕ್ಕದ ಹಸು ಕೊಂಬು ಬೀಸಿತು. ಎಡಗೆನ್ನೆಯ ಮೂಳೆ ಮುರಿದು ಒಳಗೆ ಕುಸಿಯಿತು. ಕಂಡದ್ದೆಲ್ಲ ಎರಡೆರಡಾಗಿ ಕಾಣತೊಡಗಿತು. ಮೈಸೂರಿನ ವೈದ್ಯರು ವಿವರವಾಗಿ ತಿಳಿಸಿದರು: ಮೂಳೆ ಜರುಗದಿದ್ದರೆ ಹಾಗೆಯೇ ಬಿಡಬಹುದು, ಸ್ವಲ್ಪ ಜರುಗಿದ್ದರೆ ಕಿವಿಯ ಮೇಲ್ಭಾಗದ ಕೂದಲಿನೊಳಗೆ ಚಿಕ್ಕದಾಗಿ ಕೊಯ್ದು, ಸಲಾಕೆಯಿಂದ ಎತ್ತಿ ಕೂರಿಸಬಹುದು, ಇವನದು ಹಾಗೆ ನಿಲ್ಲುವಂಥದ್ದಲ್ಲವಾದ್ದರಿಂದ ಬಾಯೊಳಗಿನಿಂದಲೂ ಕಣ್ಣಿನ ಅಂಚಿನಿಂದಲೂ ಪ್ಲೇಟು, ಸ್ಕ್ರೂ ಹಾಕಬೇಕು. ತಡಮಾಡಿದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತದೆ.

ಅವ್ವ ಊರಮ್ಮನಿಗೆ ಬೆಳ್ಳಿಯ ಮುಖ ಒಪ್ಪಿಸುವ ಹರಕೆ ಹೊತ್ತಳು. ನಾಗಮಂಗಲದಲ್ಲಿ ಅದನ್ನು ಕೊಂಡವನು ನಾನೇ. ಎರಡು ಕೆನ್ನೆಗಳೂ ಸಮವಾಗಿದ್ದವು. ಅವ್ವ ಅದನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಸ್ಟೀಲಿನ ಡಬ್ಬಿಯಲ್ಲಿಟ್ಟಳು. ಶಸ್ತ್ರಚಿಕಿತ್ಸೆ ಮುಗಿದು ಶಿವಣ್ಣ ಮನೆಗೆ ಬಂದ ದಿನ ಬಟ್ಟೆ ಬಿಚ್ಚಿದಳು. ಅವನ ಕೆನ್ನೆ ತುಂಬಿಕೊಂಡಿತ್ತು; ಬೆಳ್ಳಿಯ ಎಡಗೆನ್ನೆ ಒಳಗೆ ಕುಸಿದಿತ್ತು.

“ಎಲ್ಲೋ ಒತ್ಕೊಂಡಿರ್ಬೇಕು ಕಣವ್ವ,” ಎಂದೆ.

“ಇನ್ನೂ ಒಪ್ಸೇ ಇಲ್ಲ, ಆಗ್ಲೇ ಅಮ್ಮ ನಿನ್ ನೋವ ಇಸ್ಕಬುಟ್ಟವಳೆ ಕಣ್ಲಾ,” ಎಂದು ಅವ್ವ ಶಿವಣ್ಣನ ಮುಖ ಸವರಿದಳು.

“ಅಂಗಾದ್ರೆ ಆ ಹಸೂನೂ ಅವಳ್ಗೇ ಕೊಟ್ಬುಡವ್ವ, ಅವಳೇ ಕರ್ಕಳ್ಳಿ,” ಎಂದು ಅವನು ನಕ್ಕ.

ಊನವಾದ ಹರಕೆ ಸಲ್ಲದೆಂಬುದು ನಮ್ಮೂರಿನ ಕಟ್ಟು. ಅವ್ವ ಯಾರಿಗೂ ಹೇಳದೆ ಅಕ್ಕಸಾಲಿಗನಿಂದ ಆ ಕೆನ್ನೆಯನ್ನು ಒಳಗಿನಿಂದ ತಟ್ಟಿ ಎತ್ತಿಸಿ, ಗುಡಿಗೆ ಒಪ್ಪಿಸಿ ಬಂದಳು. ಅಂದು ಸಂಜೆಯೇ ಶಿವಣ್ಣನ ಮುಖ ಊದಿತು. ಪ್ಲೇಟಿನ ಸುತ್ತ ಕೀವಾಗಿತ್ತು. ಮೂಳೆ ಕೂಡುವ ಮೊದಲೇ ಪ್ಲೇಟನ್ನು ತೆಗೆಯಬೇಕಾಯಿತು. ಬಾಯೊಳಗಿನ ಗಾಯ ಮಾಯುವ ಮುನ್ನವೇ ಎಲೆಯಡಿಕೆ ಹಾಕಿದ್ದು ಕಾರಣವೆಂದರು ವೈದ್ಯರು. ಇರಬಹುದು. ಕೆನ್ನೆ ಪುನಃ ಕುಸಿದು ಸೊಟ್ಟಗೇ ಕೂಡಿತು. ಮತ್ತೆ ಮುರಿದು ಕೂರಿಸಬಹುದೆಂದರು, ಅವನು ಒಪ್ಪಲಿಲ್ಲ. ಅವನ ಕಣ್ಣಿಗೆ ಈಗಲೂ ಒಂದು ಹಸು ಎರಡಾಗಿಯೇ ಕಾಣುತ್ತದೆ.

ಬೆಳ್ಳಿಯ ಕೆನ್ನೆಯನ್ನು ಮತ್ತೆ ತಗ್ಗಿಸಲೆಂದು ಅವ್ವ ಗುಡಿಗೆ ಹೋಗಿ ಆ ಮುಖವನ್ನು ವಾಪಸು ಬೇಡಿದಳು.

“ಒಪ್ಸುದ್ಮೇಲೆ ಅದು ಅಮ್ಮಂದು ಕಣವ್ವ. ವಾಪ್ಸು ಕೇಳಂಗಿಲ್ಲ, ಓಗು,” ಎಂದ ಪೂಜಾರಿ.

ಅದು ಇಂದಿಗೂ ಗುಡಿಯ ಗೋಡೆಯಲ್ಲಿ ಎರಡು ಕೆನ್ನೆಗಳನ್ನೂ ತುಂಬಿಕೊಂಡು ಹೊಳೆಯುತ್ತಿದೆ. ನಾನು ವೈದ್ಯರ ಮಾತನ್ನೇ ನಂಬುತ್ತೇನೆ. ಆದರೆ ಆ ಮಾತು ಕೀವಿಗೆ ಕಾರಣ ಹೇಳುತ್ತದೆಯೇ ಹೊರತು, ಡಬ್ಬಿಯೊಳಗಿದ್ದ ಬೆಳ್ಳಿ ಏಕೆ ತಗ್ಗಿತೆಂಬುದಕ್ಕಲ್ಲ. ಅವ್ವ ಊಟ ಬಡಿಸುವಾಗ ಶಿವಣ್ಣ ಎಡಗೆನ್ನೆಯನ್ನು ಗೋಡೆಯ ಕಡೆಗೆ ಮಾಡಿಕೊಂಡು ಕೂರುತ್ತಾನೆ.